ಉಪ್ಪು ಕಮ್ಮಿ

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮಗಳು ಮೂಗು ಮುಚ್ಚಿಕೊಂಡಳು. "ಅಪ್ಪಾ, ಪೂರ್ತಿ ಬೂಷ್ಟು ಹಿಡಿದಿದೆ. ಚೆಲ್ಲಿಬಿಡ್ಲಾ?"

ಗಡಿಯಾರ ರಿಪೇರಿಯ ಮುದುಕ ಕೆಲಸದ ಮೇಜು ಬಿಟ್ಟು ಎದ್ದುಬಂದ. ಹೆಂಡತಿ ತೀರಿಕೊಂಡು ಮೂರು ತಿಂಗಳು. ಅವಳ ಕೈಯ ನೆಲ್ಲಿಕಾಯಿ ಉಪ್ಪಿನಕಾಯಿ ಉಳಿದಿದ್ದು ಇದೊಂದೇ ಭರಣಿ. ಎಲ್ಲಿ ಮುಗಿದುಹೋಗುತ್ತದೋ ಎಂದು ಅವನು ಒಂದು ಹೋಳನ್ನೂ ಮುಟ್ಟಿರಲಿಲ್ಲ. "ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತಲ್ಲೇ! ನೀನೆಲ್ಲೋ ಒದ್ದೆ ಚಮಚ ಹಾಕಿರ್ತೀಯ."

"ನಾನು ಮುಟ್ಟೇ ಇಲ್ಲಪ್ಪ. ನಿಮ್ಮ ಬಿಪಿಗೆ ಅಂತ ಅಮ್ಮ ಉಪ್ಪು ಹಾಕಿದ ಹಾಗೆ ಮಾಡ್ತಿದ್ಲು ಅಷ್ಟೆ. ತಿಂಗಳ ಮೇಲೆ ತಡೀತಿರಲಿಲ್ಲ. ಅದಕ್ಕೇ ತಿಂಗಳು ತಿಂಗಳೂ ಹೊಸದು ಹಾಕ್ತಿದ್ದಿದ್ದು."

"ನಿಂಗೆ ನೆಲ್ಲಿಕಾಯಿ ಹುಚ್ಚು ಕಣೇ" ಎಂದು ಅವನು ಹೆಂಡತಿಯನ್ನು ಪ್ರತಿ ತಿಂಗಳೂ ರೇಗಿಸಿದ್ದ. ಸಪ್ಪೆ ಎಂದು ಮುಖ ಸಿಂಡರಿಸಿದಾಗಲೆಲ್ಲ ಅವಳದು ಒಂದೇ ಮಾತು: "ಕಣ್ಣಿಗೆ ಒಳ್ಳೇದು, ಸುಮ್ನೆ ತಿನ್ರಿ. ಆ ಪುಟಾಣಿ ಚಕ್ರಗಳೆಲ್ಲ ಕಾಣಬೇಡ್ವಾ?"

ಅವನು ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಭರಣಿಯ ಮೇಲೆ ಬಗ್ಗಿದ. ಗಡಿಯಾರದ ಚಿಮುಟದಿಂದ ಬೂಷ್ಟನ್ನು ಸರಿಸುತ್ತ, ಅಡಿಯಲ್ಲಿ ಒಂದಾದರೂ ಒಳ್ಳೆಯ ಹೋಳಿದೆಯೇ ಎಂದು ಹುಡುಕತೊಡಗಿದ. ಸ್ವಲ್ಪ ಹೊತ್ತಿಗೆ ಚಿಮುಟ ನಿಂತಿತು. ಅವನು ಭೂತಗನ್ನಡಿ ತೆಗೆದು ಅಂಗೈಯಿಂದ ಕಣ್ಣೊರೆಸಿಕೊಂಡ.

"ನೀನೇ ನೋಡಮ್ಮ," ಎಂದ. "ನಂಗೆ ಏನೂ ಕಾಣ್ತಿಲ್ಲ."