ಪಾರ್ಕಿನ ಅರಳಿಮರಕ್ಕೆ ಪೂಜೆ

ಹಸಿ ಕೊಂಬೆ ಮುರಿದ ವಾಸನೆ ಬಂದರೆ ಈಗಲೂ ನನ್ನ ಕೈ ಅಜ್ಜಿಯ ಸೆರಗನ್ನು ಹುಡುಕುತ್ತದೆ.

ಹುಣಸೂರಿನ ನಮ್ಮ ಬೀದಿಯ ಪಾರ್ಕನ್ನು ಸೀಳಿಕೊಂಡು ರಸ್ತೆ ಬರುವುದಿತ್ತು. ನಗರ ಯೋಜನೆಯ ದೊಡ್ಡ ಸಾಹೇಬರು ನಕ್ಷೆಯಲ್ಲಿ ಎಳೆದ ಗೆರೆಯನ್ನು ಮಂತ್ರಿಗಳೂ ಅಳಿಸುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಗೆರೆ ಅರಳಿಕಟ್ಟೆಯ ಮೇಲೆಯೇ ಹಾದಿತ್ತು. ಮರ ಉಳಿಸಲು ಬೀದಿಯ ಹೆಂಗಸರೆಲ್ಲ ಸೇರಿ ಅದಕ್ಕೆ ಅರಿಶಿನದ ದಾರ ಸುತ್ತಿ, ಕಾಯಿ ಒಡೆದರು.

"ಪೂಜೆ ಮಾಡಿದ್ ಮರಕ್ಕೆ ಯಾವನ್ಲಾ ಕೈ ಆಕ್ತಾನೆ? ಎದ್ರುಕೋಬ್ಯಾಡ ಬುಡು ಮಗ," ಅಂದಳು ಅಜ್ಜಿ.

ಮಧ್ಯಾಹ್ನ ಸಾಹೇಬರು ಜೆಸಿಬಿಯೊಂದಿಗೆ ಬಂದರು. ಬೂಟು ಬಿಚ್ಚಿ, ಕೈಮುಗಿದು, ಮಂಗಳಾರತಿ ತೆಗೆದುಕೊಂಡರು.

"ನೋಡ್ದಾ, ಅವ್ರೂ ನಮ್ಮಂಗೇ ಕಣ," ಎಂದು ಪಿಸುಗುಟ್ಟಿದ ಅಜ್ಜಿ, ಖುಷಿಯಲ್ಲಿ ಮತ್ತೊಂದು ಸುತ್ತು ಹಾಕಲು ಮರದ ಹಿಂದೆ ಹೋದಳು.

ಸಾಹೇಬರು ಬೂಟು ಹಾಕಿಕೊಂಡು ಜೆಸಿಬಿಯವನ ಕಡೆ ತಿರುಗಿದರು. "ಇವ್ರೇ ಪೂಜೆ ಮುಗ್ಸವ್ರಲ್ಲಪ್ಪ, ಇನ್ನೇನು? ಶುರು ಮಾಡು."

ನಮ್ಮ ಕಡೆ ಮರ ಉರುಳಿಸುವ ಮುನ್ನವೂ ಪೂಜೆ ಮಾಡುತ್ತಾರೆ. ಅದು ಆವತ್ತು ಯಾರಿಗೂ ಹೊಳೆದಿರಲಿಲ್ಲ.

ನಾನು ಅಜ್ಜಿಯನ್ನು ಕೂಗಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ದೊಡ್ಡ ಕೊಂಬೆಯೊಂದು ಲಟಕ್ಕನೆ ಮುರಿದು, ಎಲೆಗಳ ರಾಶಿಯೊಳಗೆ ಅವಳು ಕಾಣದಾದಳು.

ಎಳೆದು ಹೊರತೆಗೆದಾಗ ಮೈಯೆಲ್ಲ ತರಚಿತ್ತು, ಜೀವ ಉಳಿದಿತ್ತು. ಸಾಹೇಬರು ಓಡಿಬಂದು, "ಏಟಾಯ್ತೇನಮ್ಮ?" ಎಂದು ಕೇಳಿದರು. ಅಜ್ಜಿ ಅವರ ಕಡೆ ನೋಡಲಿಲ್ಲ.

"ನಾವೇ ಪೂಜೆ ಮಾಡ್ಕೊಟ್ವಲ್ಲವ್ವ," ಅಂದಳು ಹೆಂಗಸರಿಗೆ.

ಅವರು ಒಬ್ಬೊಬ್ಬರೇ ತಮ್ಮ ತಮ್ಮ ಪೂಜೆ ತಟ್ಟೆ ಎತ್ತಿಕೊಂಡು ಹೊರಟುಹೋದರು.