ಅಡಿವೆಪ್ಪನ ಸರದಿ

ಸವೆದ ಕೀಲುಗಳನ್ನೆಲ್ಲ ಹೊಸದಾಗಿ ಹಾಕಿಸಿಕೊಳ್ಳುವ ಕಾಲ ಬಂದ ಮೇಲೆ ಬೇಸ್‌ಬಾಲ್ ಆಟಗಾರರು ನಿವೃತ್ತರಾಗುವುದನ್ನೇ ಬಿಟ್ಟಿದ್ದರು. ಹುಬ್ಬಳ್ಳಿ ತಂಡಕ್ಕೆ ಚೆಂಡು ಎಸೆಯುತ್ತಿದ್ದ ದ್ಯಾಮಪ್ಪನವರಿಗೆ ತೊಂಬತ್ತೇಳು. ಅವರಿಗೆ ಬದಲಿಯಾಗಿ ಸೇರಿದ್ದ ಅಡಿವೆಪ್ಪ ಮೂವತ್ತೆಂಟು ವರ್ಷಗಳಿಂದ ಬೆಂಚಿನ ಮೇಲೇ ಕುಳಿತಿದ್ದ. ಅವನಿಗೀಗ ಅರವತ್ತೊಂದು. ಮನೆಯಲ್ಲಿ ಮೊಮ್ಮಕ್ಕಳಿದ್ದರೂ ತಂಡದವರಿಗೆ ಅವನಿನ್ನೂ ಹುಡುಗನೇ.

ಬೆಳಗಾವಿಯ ಎದುರಿನ ಪಂದ್ಯದಲ್ಲಿ ಹುಬ್ಬಳ್ಳಿ ಒಂದೇ ಒಂದು ಅಂಕ ಮುಂದಿತ್ತು. ಆಗ ದ್ಯಾಮಪ್ಪನವರು ಮೈದಾನದ ನಡುವಿನಿಂದ ನೆಟ್ಟಗೆ ಬೆಂಚಿನ ಕಡೆ ನಡೆದುಬಂದು ಚೆಂಡನ್ನು ಅಡಿವೆಪ್ಪನ ಕೈಗಿಟ್ಟರು.

"ಯಾಕ್ರೀ ಕಾಕಾ, ಭುಜ ನೋಯಾಕತ್ತೈತೇನ್ರಿ?"

"ಭುಜಕ್ಕ ಏನಾಗೈತಿ? ಹೋದ ವರ್ಷ ಹಾಕಿಸಿದ್ದು. ಆಡಿ ಆಡಿ ನಂಗ ಸಾಕಾಗೈತಿ. ನೀ ಹೋಗು."

ಅಡಿವೆಪ್ಪ ಹೋಗಿ ನಿಂತ. ಎಸೆದ ಮೊದಲ ಚೆಂಡನ್ನೇ ಬೆಳಗಾವಿಯ ತೊಂಬತ್ತೆರಡರ ಮುದುಕ ಗ್ಯಾಲರಿಯಾಚೆ ಬಾರಿಸಿ, ಕೈ ಬೀಸುತ್ತ ಮೈದಾನ ಸುತ್ತಿದ. ಅಂಕ ಸಮವಾಯಿತು.

ಅಂಪೈರ್ ಕೊಟ್ಟ ಹೊಸ ಚೆಂಡು ಹಿಡಿದು ಅಡಿವೆಪ್ಪ ತಲೆ ತಗ್ಗಿಸಿ ಬೆಂಚಿನ ಬಳಿ ಬಂದ. ದ್ಯಾಮಪ್ಪನವರು ಆಗಲೇ ಬೂಟು ಕಳಚಿ, ಕಾಲು ಚಾಚಿ, ಶೇಂಗಾ ಮೆಲ್ಲುತ್ತಿದ್ದರು.

"ನೀವ ಒಗೀರಿ ಕಾಕಾ. ನನ್ನಿಂದ ಆಗೂದಿಲ್ಲ."

"ನನ್ನ ಮೊದಲನೇ ಚೆಂಡೂ ಹಂಗ ಹೋಗಿತ್ತು. ಬೂಟು ಮತ್ತ ಹಾಕ್ಕೊಳ್ಳಾಕ ನಂಗ ಬ್ಯಾಸರ. ಹೋಗು, ಇನ್ನೊಂದು ಒಗಿ."

ಅಡಿವೆಪ್ಪ ತಿರುಗಿ ಹೋದ. ಮುಂದಿನ ಆಟಗಾರನ ಬ್ಯಾಟು ಬರೀ ಗಾಳಿಯನ್ನು ಹೊಡೆಯಿತು. ಅಡಿವೆಪ್ಪ ಬೆಂಚಿನ ಕಡೆ ನೋಡದೆ ಮತ್ತೆ ಚೆಂಡಿಗೆ ಕೈ ಚಾಚಿದ.