ಎರಡನೇ ಸರ್ವರಿನ ಕುಪ್ಪುಸ್ವಾಮಿ

"ನಮ್ಮೆಜಮಾನ್ರು ನಾಲ್ಕನೇ ಮಂಚದಾಗವ್ರಂತೆ, ಊಟ ತರ್ಬೇಕಂತೆ, ಆಸ್ಪತ್ರೆಯಿಂದ ಫೋನ್ ಬಂತು," ಎಂದು ಅಮ್ಮಾಜಮ್ಮ ಗಂಜಿ ಡಬ್ಬಿ ಹಿಡಿದು ಬಂದಾಗ ಸುಮಿತಾ ಆಸ್ಪತ್ರೆಯ ಸರ್ವರಿನ ಪರದೆಯಿಂದ ತಲೆಯೆತ್ತಿದಳು. ಅಮ್ಮಾಜಮ್ಮನ ಗಂಡ, ಗಣಿಯ ಧೂಳು ಕುಡಿದ ಕುಪ್ಪುಸ್ವಾಮಿಯನ್ನು ಹೋದ ವಾರವೇ ಚಾಂಪಿಯನ್ ರೀಫ್ಸ್‌ನ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು.

ರೋಗಿಗಳ ದಾಖಲೆಯ ಒಂದು ಸರ್ವರ್ ಕೆಟ್ಟರೆ ಇನ್ನೊಂದು ತಾನಾಗಿ ಕೆಲಸಕ್ಕೆ ನಿಲ್ಲುವಂತೆ ಆಸ್ಪತ್ರೆಗೆ ಜೋಡಿಸಿಕೊಟ್ಟವಳು ಸುಮಿತಾ. ಇವತ್ತು ಬೆಳಿಗ್ಗೆ ಮೊದಲನೆಯದು ಮಲಗಿತು, ಎರಡನೆಯದು ಎದ್ದಿತು, ಡಾಕ್ಟರು ಲಡ್ಡು ಹಂಚಿದರು. ಆದರೆ ಆಯುಧಪೂಜೆಗೆ ಎರಡನ್ನೂ ಒರೆಸಿ ಕುಂಕುಮ ಇಡುವಾಗ ನಡುವೆ ದಾಖಲೆ ಸಾಗಿಸುವ ಕೇಬಲ್ ಕಿತ್ತ ಸುಮಿತಾ ಮತ್ತೆ ಸಿಕ್ಕಿಸಿರಲಿಲ್ಲ. ಎರಡನೆಯದಕ್ಕೆ ಇನ್ನೂ ಆಯುಧಪೂಜೆಯೇ. ಅದರಲ್ಲಿ, ಅಂದು ನಾಲ್ಕನೇ ಮಂಚದಲ್ಲಿದ್ದ ಕುಪ್ಪುಸ್ವಾಮಿ ಇನ್ನೂ ಉಸಿರಾಡುತ್ತಿದ್ದ.

ಅಮ್ಮಾಜಮ್ಮ ಪರದೆಗೆ ಮುಖ ತಂದಳು. "ಮಣ್ಣಾಕಿದ್ದು ನಾನೇ ಕಣಮ್ಮ. ಆದ್ರೂ ನೋಡು, ಇವ್ರ ಎಸ್ರು ಐತೆ."

"ತಪ್ಪು ನಂದೇ ಅಜ್ಜಿ. ಮೊದಲನೇದು ರಿಪೇರಿಯಾಯ್ತು, ಈ ಕೇಬಲ್ ಸಿಕ್ಕಿಸಿದ್ರೆ ಎಲ್ಲಾ ಸರಿಹೋಗ್ತದೆ."

"ಸರಿಹೋದ್ರೆ ಇವ್ರು?"

ಸುಮಿತಾ ಕೇಬಲ್ ಕೈಗೆತ್ತಿಕೊಂಡಳು.

"ಒಂದ್ಗಳಿಗೆ ಇರ್ಲಿ ಬುಡಮ್ಮ. ಬೈಯೋದು ಬಾಕಿ ಐತೆ." ಪರದೆಯ ಕಡೆ ತಿರುಗಿದಳು. "ಏನ್ ಮನುಸ್ಯನಯ್ಯ ನೀನು? ನಾನು ನೀರು ತರಕ್ಕೆ ಎದ್ದೋಗಿದ್ದೆ, ಅಷ್ಟ್ರಲ್ಲೇ..."

"ಸುಮಿತಾ, ನಾಲ್ಕನೇ ಮಂಚದವ್ರಿಗೆ ಯಾವ ಇಂಜೆಕ್ಷನ್ನು? ಇಲ್ಲಿ ಹಳೇದೇ ತೋರಿಸ್ತಿದೆ!" ವಾರ್ಡಿನಿಂದ ನರ್ಸು ಕೂಗಿದಳು.

ಸುಮಿತಾ ಕಣ್ಣು ಮುಚ್ಚಿ ಕೇಬಲ್ ಸಿಕ್ಕಿಸಿದಳು. ಪರದೆಯಲ್ಲಿ ನಾಲ್ಕನೇ ಮಂಚದ ಎದುರು ಕುಪ್ಪುಸ್ವಾಮಿ ಅಳಿಸಿಹೋಗಿ, ಬೇರೆ ಯಾವನೋ ಗಂಡಸಿನ ಹೆಸರು ಬಂದು ಕೂತಿತು. ಅಮ್ಮಾಜಮ್ಮ ಮಾತು ನುಂಗಿಕೊಂಡು, ಹಿಂದೆ ಸರಿದು, ಸೆರಗು ಹೊದ್ದಳು.